ನಿಂತಲ್ಲಿಂದ ಕಂಡ ನೀರು

ಪ್ರದರ್ಶನ ಇಟ್ಟಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ನಿಮ್ಮ ಚಿತ್ರಗಳಲ್ಲಿ ಜನ ಯಾಕೆ ಇರೋದಿಲ್ಲ ಮೇಡಂ? ಎಲ್ಲಿ ನೋಡಿದ್ರೂ ನೀರೇ.” ನಿಸರ್ಗ, ಏಕಾಂತ ಎಂದೆಲ್ಲ ತೂಕದ ಉತ್ತರಗಳನ್ನು ನಾನೂ ಕೊಟ್ಟದ್ದುಂಟು. ನಿಜವಾದ ಉತ್ತರಕ್ಕೆ ಅಷ್ಟು ತೂಕವಿಲ್ಲ. ಎಂಬತ್ತರ ದಶಕದ ಶುರುವಿನಲ್ಲಿ, ಕಾಲೇಜು ಮುಗಿಸಿದ ಹೊಸತರಲ್ಲಿ, ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲಿ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮೆಟ್ಟಿಲ ಕೆಳಗೆ ಬಟ್ಟೆ ಒಗೆಯುತ್ತಿದ್ದವರಲ್ಲಿ ಹಿರಿಯಳೊಬ್ಬಳು ಸೀರೆ ಹಿಂಡುತ್ತಲೇ ಕೂಗಿದಳು: “ನಮ್ಮನ್ ಬರೀಬ್ಯಾಡಿ ಕನವ್ವ. ನೀರ್ ಬೇಕಾದ್ರೆ ಎಷ್ಟಾದ್ರೂ ಬರ್ಕಳಿ.”

ಬರ್ಕೊಂಡೆ. ಇನ್ನೂ ಮುಗಿದಿಲ್ಲ.

ಆ ಮೆಟ್ಟಿಲ ಮೇಲೆ ಕೂರಲು ನನಗೆ ಜಾಗ ಸಿಕ್ಕಿದ್ದು ನಾನು ಹೆಣ್ಣಾದದ್ದಕ್ಕೆ ಎಂಬುದನ್ನೂ ಹೇಳಿಬಿಡಬೇಕು. ನನ್ನ ಜೊತೆ ಓದಿದ ಹುಡುಗರು ಬೆಟ್ಟ, ಕೋಟೆ, ಸಂತೆಗಳನ್ನು ಗೆದ್ದುಕೊಂಡು ಬಂದರು. ಒಗೆಯುವ ಕಲ್ಲು, ಬಾವಿಕಟ್ಟೆ, ಹೆಂಗಸರು ಸ್ನಾನ ಮಾಡುವ ಹೊಳೆಯ ತಿರುವು, ಕೆರೆಯ ಹಿಂಬದಿ ಇಲ್ಲೆಲ್ಲ ಅವರಿಗೆ ಪ್ರವೇಶವಿರಲಿಲ್ಲ. ನಮ್ಮ ದೇಶದ ನೀರಿನ ಹತ್ತಿರದ ಅಂಚೆಲ್ಲ ಹೆಂಗಸರ ಕೈಯಲ್ಲೇ ಇದೆ. ಗಂಡಸರು ಬರೆದ ಎಷ್ಟೋ ನೀರಿನ ಚಿತ್ರಗಳಲ್ಲಿ ನೀರು ದೂರದಲ್ಲಿರುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂಬ ಗುಮಾನಿ ನನಗಿದೆ.

ಅಂದು ನಾನು ಬರೆಯುತ್ತಿದ್ದುದು ವೆಲ್ಲೆಸ್ಲಿ ಸೇತುವೆಯನ್ನು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಸೇತುವೆ. ಕಮಾನುಗಳಿಲ್ಲ. ಕಲ್ಲಿನ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಉದ್ದನೆಯ ಕಲ್ಲಿನ ತೊಲೆ, ದೇವಸ್ಥಾನದ ಮಂಟಪವನ್ನೇ ಹೊಳೆಗೆ ಅಡ್ಡ ಎಳೆದಂತಿದೆ. ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟಿದ್ದ ಸೂತ್ರ ಸುಲಭದ್ದು: ಮೇಲೆ ಏನಿದೆಯೋ ಅದನ್ನು ತಲೆಕೆಳಗು ಮಾಡಿ, ಬಣ್ಣ ಸ್ವಲ್ಪ ಮಂಕು ಮಾಡಿ, ಅಲ್ಲಲ್ಲಿ ಅಡ್ಡ ಗೆರೆ ಎಳೆದರೆ ನೀರು. ಆದರೆ ಎದುರಿಗಿದ್ದ ಬಿಂಬ ಈ ಸೂತ್ರಕ್ಕೆ ಒಗ್ಗಲಿಲ್ಲ. ಸೇತುವೆಯಲ್ಲಿ ಸರಿಯಾಗಿ ಕಾಣದ ತೊಲೆಗಳ ಹೊಟ್ಟೆ ನೀರಿನಲ್ಲಿ ಕಾಣುತ್ತಿತ್ತು. ಸೇತುವೆಯ ಹಿಂದೆ ಕಾಣುತ್ತಿದ್ದ ಮರಗಳ ಸಾಲು ನೀರಿನಲ್ಲಿ ನಾಪತ್ತೆ. ಕಾರಣ ತಿಳಿದರೆ ಇದರಲ್ಲಿ ವಿಚಿತ್ರವೇನಿಲ್ಲ. ನನ್ನ ಕಣ್ಣು ನೀರಿನಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಆಳದಲ್ಲಿ ಇನ್ನೊಂದು ಕಣ್ಣು ಮುಳುಗಿ ಕೂತು ಮೇಲಕ್ಕೆ ನೋಡಿದರೆ ಏನು ಕಂಡೀತೋ ಅದೇ ಬಿಂಬ. ಮೀನಿನ ಕಡೆಯಿಂದ ನೋಡಿದ ಸೇತುವೆ ಎನ್ನಿ.

ಇದಕ್ಕಿಂತ ದೊಡ್ಡ ಸಂಗತಿ ನನ್ನ ಕಾಲ ಬುಡದಲ್ಲೇ ಇತ್ತು. ಮೆಟ್ಟಿಲ ಹತ್ತಿರ ಬಗ್ಗಿ ನೋಡಿದರೆ ಕೆಳಗಿನ ಉರುಟು ಕಲ್ಲು, ಪಾಚಿ, ಮುರಿದ ಬಳೆ ಎಲ್ಲ ಕಾಣುತ್ತಿತ್ತು. ನಾಲ್ಕು ಮಾರು ಆಚೆ ಅರ್ಧ ಕಲ್ಲು, ಅರ್ಧ ಆಕಾಶ. ಹೊಳೆಯ ನಡುವೆ ಆಕಾಶವೊಂದೇ. ಅಷ್ಟೂ ಒಂದೇ ಹೊಳೆಯ ನೀರು. ನೇರವಾಗಿ ಮೇಲಿಂದ ನೋಡಿದಾಗ ನೀರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲನ್ನಷ್ಟೇ ವಾಪಸು ಕೊಡುತ್ತದೆ, ಉಳಿದದ್ದು ಒಳಗೆ ಹೋಗಿ ತಳವನ್ನು ತೋರಿಸುತ್ತದೆ. ನೋಟ ಓರೆಯಾದಷ್ಟೂ ವಾಪಸು ಬರುವ ಪಾಲು ಏರುತ್ತ ಹೋಗಿ, ದೂರದ ನೀರು ಹೆಚ್ಚುಕಡಿಮೆ ಪೂರ್ತಿ ಕನ್ನಡಿಯಾಗುತ್ತದೆ. ಬಗ್ಗಿದವರಿಗೆ ತಳ, ದೂರ ನಿಂತವರಿಗೆ ಆಕಾಶ. ಇದು ಭೌತಶಾಸ್ತ್ರದ ಪುಸ್ತಕದಲ್ಲಿ ಅರ್ಧ ಪುಟದ ವಿಷಯ. ನನಗೆ ನಲವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಕೊಟ್ಟಿದೆ.

ನಾನು ಹುಟ್ಟಿದ್ದು ಕುಂದಾಪುರದ ಹತ್ತಿರದ ಒಂದು ಕುದ್ರುವಿನಲ್ಲಿ. ಸುತ್ತಲೂ ಹೊಳೆ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಬೀಳುವ ಜಾಗ ಅದು. ಆಗ ಶಾಲೆಗೆ, ಸಂತೆಗೆ, ಮದುವೆಗೆ, ಹೆರಿಗೆಗೆ ಎಲ್ಲಕ್ಕೂ ಕಡವಿನ ದೋಣಿ. ಗಂಗೊಳ್ಳಿಯಿಂದ ಕುಂದಾಪುರಕ್ಕೆ ದೋಣಿಯಲ್ಲಿ ಕೂಗಳತೆ, ಬಸ್ಸಿನಲ್ಲಾದರೆ ಹೆಮ್ಮಾಡಿ ಮೇಲೆ ಸುತ್ತು ಹಾಕಬೇಕು. ನಮ್ಮ ಕಡವಿನ ದೋಣಿಯವನನ್ನು ಮಕ್ಕಳೆಲ್ಲ ಅಜ್ಜ ಎನ್ನುತ್ತಿದ್ದೆವು. ಅವನು ನನ್ನ ಡ್ರಾಯಿಂಗ್ ಪುಸ್ತಕ ಇಸಿದುಕೊಂಡು ನೋಡಿದ ದಿನದ ಮಾತುಕತೆ ಇವತ್ತಿಗೂ ನಮ್ಮ ಮನೆಯಲ್ಲಿ ನಗೆಯ ಸರಕು.

“ನೀರ್ ನೀಲಿ ಅಂದೇಳಿ ಯಾರ್ ಹೇಳ್ರ್ ನಿಂಗೆ?”

“ಡ್ರಾಯಿಂಗ್ ಮಾಷ್ಟ್ರು.”

“ಅವ್ರ್ ಯಾವ್ ಊರ್?”

“ಬಯಲುಸೀಮೆ ಬದಿಯವ್ರಂಬ್ರ್.”

“ಹಾಂಗಾರೆ ಸಮ. ಅವ್ರ್ ನೀರ್ ಕಂಡದ್ದ್ ಕಮ್ಮಿ.”

ಆಮೇಲೆ ಗಳವನ್ನು ನೀರಿಗೆ ಊರಿ ತೋರಿಸಿದ. ನುಣ್ಣಗೆ ಎಣ್ಣೆ ಹಚ್ಚಿದಂತಿದ್ದಲ್ಲಿ ಆಳ. ಸಣ್ಣ ಸಣ್ಣ ನೆರಿಗೆ ಎದ್ದಲ್ಲಿ ಮರಳಿನ ದಿಬ್ಬ, ದೋಣಿ ಕೂತುಬಿಡುತ್ತದೆ. ನೊರೆಯ ಗೆರೆಯೊಂದು ಹೊಳೆಯ ಉದ್ದಕ್ಕೂ ಓಡುತ್ತಿದ್ದರೆ ಅದರ ಒಂದು ಬದಿಗೆ ಉಪ್ಪುನೀರು, ಇನ್ನೊಂದು ಬದಿಗೆ ಸಿಹಿನೀರು. ಭರತದ ಹೊತ್ತಿಗೆ ಕಡಲಿನ ನೀರು ಸಿಹಿನೀರಿನ ಅಡಿಯಲ್ಲಿ ಹೊಕ್ಕು ಮೇಲೇರುತ್ತದೆ. ಉಪ್ಪು ಭಾರ, ಹಾಗಾಗಿ ಕೆಳಗೆ. ಇಳಿತದ ನೀರು ಕಡಲಿಗೆ ಹೋಗುವಾಗ ಗಾಳಿ ಕಡಲಿನಿಂದ ಬೀಸಿದರೆ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ನೀರು, ಗಾಳಿ ಒಂದೇ ದಿಕ್ಕಿಗಾದರೆ ಚಪ್ಪಟೆ. ಇಷ್ಟನ್ನೂ ಅವನು ಚಂದಕ್ಕೆಂದು ನೋಡುತ್ತಿರಲಿಲ್ಲ. ದೋಣಿಯ ತುಂಬ ಮಕ್ಕಳಿದ್ದರು.

ಕುದ್ರುವಿನ ಹೆಂಗಸರ ಲೆಕ್ಕ ಇನ್ನೊಂದು ಬಗೆಯದು. ನಮ್ಮಜ್ಜಿ ಬಾವಿಗೆ ಬಗ್ಗಿದರೆ ಎಷ್ಟನೆಯ ಕಲ್ಲಿನವರೆಗೆ ನೀರಿದೆ ಎಂದು ಮಾತ್ರ ನೋಡುತ್ತಿದ್ದಳು. ಚೈತ್ರ ವೈಶಾಖದಲ್ಲಿ ಹೊಳೆಯ ಉಪ್ಪು ನೆಲದೊಳಗಿಂದ ಬಾವಿಗೆ ಬರುತ್ತದೆ; ಬೇಳೆ ಬೇಯಲು ತಡ ಮಾಡಿತೆಂದರೆ ಬಾವಿ ಕೆಟ್ಟಿತು ಎಂದು ಅರ್ಥ. ನಾನು ಅದೇ ಬಾವಿಯಲ್ಲಿ ಜರಿಗಿಡದ ಬಿಂಬ, ತುಂಡು ಆಕಾಶ, ನನ್ನ ಜಡೆ ನೋಡುತ್ತ ನಿಂತರೆ “ಬಿದ್ರೆ ಯಾರ್ ತೆಗೂಕೆ?” ಎಂದು ಬೈಗುಳ.

ಬೆಂಗಳೂರಿಗೆ ಕಲೆ ಓದಲು ಹೋದದ್ದು ಎಪ್ಪತ್ತರ ದಶಕದ ಕೊನೆಗೆ. ಅಪ್ಪನನ್ನು ಒಪ್ಪಿಸಲು ಅಮ್ಮ ಬಳಸಿದ ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರದು. ನಮ್ಮ ಉಡುಪಿ ಕಡೆಯ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿ ಸೇರಿ, ಪ್ಯಾರಿಸ್ಸಿಗೂ ಹೋಗಿಬಂದವರು; ಚಿತ್ರ ಬರೆದೂ ಮರ್ಯಾದೆಯಿಂದ ಬದುಕಬಹುದು ಎನ್ನಲು ಕರಾವಳಿಯ ಮನೆಗಳಿಗೆ ಅವರೊಬ್ಬರು ಸಾಕ್ಷಿಯಾಗಿದ್ದರು. ಕಸ್ತೂರಬಾ ರಸ್ತೆಯ ಗ್ಯಾಲರಿಯಲ್ಲಿ ಚಿತ್ರಕಾರ ವೆಂಕಟಪ್ಪನವರ ಊಟಿ, ಕೊಡೈಕನಾಲ್ ಜಲವರ್ಣಗಳನ್ನು ನೋಡಿದ್ದು ಆಗಲೇ. ಬೆಟ್ಟ, ಮೋಡಗಳನ್ನು ಅವರು ಇಷ್ಟಿಷ್ಟೇ ತೆಳು ಬಣ್ಣದಲ್ಲಿ ಕಟ್ಟುವ ತಾಳ್ಮೆ ನನ್ನನ್ನು ಹಿಡಿದು ನಿಲ್ಲಿಸಿತು. ಅಷ್ಟು ನಯ ನನ್ನ ಕೈಗೆ ಬರಲಿಲ್ಲ, ಬರಲೆಂದು ನಾನೂ ಹಟ ಹಿಡಿಯಲಿಲ್ಲ. ನನಗೆ ಬೇಕಿದ್ದ ನೀರು ಇಷ್ಟು ಸೌಮ್ಯದ್ದಲ್ಲ.

ಗ್ರಂಥಾಲಯದ ಪುಸ್ತಕಗಳಲ್ಲಿ ಫ್ರೆಂಚ್ ಚಿತ್ರಕಾರ ಮೊನೆ ಇದ್ದ, ಬಣ್ಣ ಕದಲಿದ ಕೆಟ್ಟ ಮುದ್ರಣದಲ್ಲಿ. ಜಿವರ್ನಿಯ ಕೊಳ, ನೈದಿಲೆ ಹೂವು, ಮತ್ತೆ ಕೊಳ. ಆ ನೈದಿಲೆಗಳನ್ನೇ ಸುಮಾರು ಇನ್ನೂರೈವತ್ತು ಕ್ಯಾನ್ವಾಸುಗಳಲ್ಲಿ ಬರೆದ. ದೊಡ್ಡವು ಅವನು ತೀರಿಕೊಂಡ ಮರುವರ್ಷ, 1927ರಲ್ಲಿ, ಪ್ಯಾರಿಸ್ಸಿನ ಒರಾಂಜರಿ ವಸ್ತುಸಂಗ್ರಹಾಲಯದ ಮೊಟ್ಟೆಯಾಕಾರದ ಎರಡು ಕೋಣೆಗಳನ್ನು ತುಂಬಿದವು. ಅವುಗಳಲ್ಲಿ ದಿಗಂತವಿಲ್ಲ, ದಡವೂ ಹೆಚ್ಚುಕಡಿಮೆ ಇಲ್ಲ. ಬಗ್ಗಿ ನೋಡುವವನ ನೀರು, ದೂರ ನಿಂತವನ ನೀರು ಎರಡೂ ಒಂದೇ ಬಟ್ಟೆಯ ಮೇಲೆ. ಇದು ಸಣ್ಣ ಸಾಧನೆಯಲ್ಲ. ಆದರೆ ಆ ಕೊಳ ಅವನೇ ಮಾಡಿಸಿದ್ದು ಎಂದು ತಿಳಿದಾಗ ನನಗೆ ಒಂದಿಷ್ಟು ನಿರಾಸೆಯೂ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು. 1893ರಲ್ಲಿ ಜಾಗ ಕೊಂಡು, ಎಪ್ತ್ ಹೊಳೆಯ ಕವಲಿನಿಂದ ನೀರು ತಿರುಗಿಸಿಕೊಂಡು ಕೊಳ ಕಟ್ಟಿಸಿದ. ಅನುಮತಿ ಕೇಳಿದಾಗ ಊರವರು ತಕರಾರು ಮಾಡಿದರು: ಈ ಪರದೇಶದ ಗಿಡಗಳಿಂದ ನಮ್ಮ ನೀರು ಕೆಟ್ಟು ದನಕರು ಸತ್ತರೆ? ಕಲೆಯ ಚರಿತ್ರೆ ಬರೆಯುವವರು ಆ ರೈತರನ್ನು ಹಾಸ್ಯ ಮಾಡಿಬಿಡುತ್ತಾರೆ. ಚಂದದ ಹೂವೆಂದು ನಮ್ಮ ದೇಶಕ್ಕೆ ಬಂದ ಕತ್ತೆಕಿವಿ ಗಿಡ ಕೆರೆಕೆರೆಗಳನ್ನೂ ಮುಚ್ಚಿಹಾಕಿದ್ದನ್ನು ಕಂಡ ನನಗೆ ನಗು ಬರುವುದಿಲ್ಲ. ಕೊಳದ ಎಲೆಗಳ ಮೇಲೆ ಧೂಳು ಕೂರದಂತೆ ನೋಡಿಕೊಳ್ಳಲು ಅವನಲ್ಲಿ ತೋಟಗಾರನಿದ್ದ. ಪಕ್ಕದ ರಸ್ತೆಗೆ ತನ್ನ ಖರ್ಚಿನಲ್ಲಿ ಡಾಂಬರು ಹಾಕಿಸಿದ. ಮಾಡೆಲ್ಲನ್ನು ಕೂರಿಸಿ ಬರೆಯುವ ಹಾಗೆ ನೀರನ್ನು ಕೂರಿಸಿ ಬರೆದ.

ನನ್ನ ಮನಸ್ಸು ಒಲಿದದ್ದು ಇನ್ನೊಬ್ಬನಿಗೆ. ಹದಿಮೂರನೆಯ ಶತಮಾನದ ಆರಂಭದಲ್ಲಿ ಚೀನಾದ ಸಾಂಗ್ ಆಸ್ಥಾನದಲ್ಲಿದ್ದ ಮಾ ಯುವಾನ್, ರೇಷ್ಮೆಯ ಹನ್ನೆರಡು ಹಾಳೆಗಳ ಮೇಲೆ ಬರೀ ನೀರನ್ನು ಬರೆದಿದ್ದಾನೆ. ಈಗ ಅವು ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿವೆ. ದೋಣಿಯಿಲ್ಲ, ಜನರಿಲ್ಲ. ಒಂದು ಹಾಳೆಯಲ್ಲಿ ಹಳದಿ ನದಿ ಉಕ್ಕುತ್ತದೆ, ಇನ್ನೊಂದರಲ್ಲಿ ಸಣ್ಣ ಗಾಳಿಗೆ ಸರೋವರದ ಮೈ ಜುಮ್ಮೆನ್ನುತ್ತದೆ. ಎಲ್ಲ ರೇಖೆಯಲ್ಲೇ. ಎಲ್ಲಿ ಗೆರೆ ನಡುಗಬೇಕು, ಎಲ್ಲಿ ಕೊಕ್ಕೆಯಾಗಬೇಕು, ಎಲ್ಲಿ ಬಿಟ್ಟುಬಿಡಬೇಕು ಎಂಬುದರಲ್ಲೇ ಆಯಾ ನೀರಿನ ನಡತೆಯಿದೆ. ಪುಸ್ತಕ ಮಗುಚುತ್ತ ಹೋದಾಗ ಒಂದು ಹಾಳೆಯಲ್ಲಿ ಆಳ ಎಲ್ಲಿ ಎಂದು ನಾನು ಬೆರಳಿಟ್ಟು ಹೇಳಬಲ್ಲೆ ಅನ್ನಿಸಿತು. ಕಡವಿನ ಅಜ್ಜನಿಗೆ ಇವನ ಚಿತ್ರ ತೋರಿಸಿದ್ದರೆ ಊರು ಯಾವುದು ಎಂದು ಕೇಳುತ್ತಿರಲಿಲ್ಲ.

ಅಜ್ಜನಿಗೆ ತೋರಿಸಲು ಸಾಧ್ಯವಾದದ್ದು ಜಪಾನಿನ ಹೊಕುಸಾಯ್‌ನ ದೊಡ್ಡ ಅಲೆಯನ್ನು, ಕ್ಯಾಲೆಂಡರಿನ ಹಾಳೆಯೊಂದರಲ್ಲಿ. 1831ರ ಸುಮಾರಿನ ಆ ಮರದಚ್ಚಿನ ಚಿತ್ರವನ್ನು ಜಗತ್ತೆಲ್ಲ ಅಲೆಗಾಗಿ ನೋಡುತ್ತದೆ. ಚಿತ್ರ ಕಲಿತವರು ಅದರ ಪ್ರಷ್ಯನ್ ನೀಲಿಗಾಗಿ ನೋಡುತ್ತೇವೆ, ಯುರೋಪಿನಿಂದ ಹಡಗೇರಿ ಜಪಾನಿಗೆ ಬಂದ ಬಣ್ಣ ಅದು. ಅಜ್ಜ ಅಲೆಯನ್ನು ಕಣ್ಣೆತ್ತಿ ನೋಡಲಿಲ್ಲ. ಕೆಳಗಿನ ದೋಣಿಗಳಲ್ಲಿ ಬಗ್ಗಿ ಕೂತವರ ಮೇಲೆ ಬೆರಳಾಡಿಸಿ, “ಹುಟ್ಟ್ ಬಿಡ್ಲಿಲ್ಲ ಕಾಣ್ ಅವ್ರ್” ಎಂದ. ಆ ಚಿತ್ರದ ಬಗ್ಗೆ ನಾನು ಓದಿದ ಯಾವ ಲೇಖನವೂ ಇಷ್ಟು ಬೇಗ ಜನರ ಹತ್ತಿರ ಹೋಗಲಿಲ್ಲ.

ಇನ್ನು ಕೈಕೆಲಸದ ಮಾತು. ಜಲವರ್ಣದಲ್ಲಿ ನೀರು ಬರೆಯುವುದೆಂದರೆ ನೀರಿನಿಂದಲೇ ನೀರನ್ನು ಬರೆಯುವುದು. ಅದಕ್ಕೇ ಅದು ಸುಲಭ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಬಿಳಿಯ ಬಣ್ಣ ಬಳಸುವ ಹಾಗಿಲ್ಲ, ಕನಿಷ್ಠ ನಮ್ಮ ಕಾಲದ ಶಿಸ್ತಿನಲ್ಲಿ. ಬಿಸಿಲಿಗೆ ಅಲೆಯ ಮೇಲೆ ಹೊಳೆಯುವ ಚುಕ್ಕೆಗಳೆಲ್ಲ ಬಣ್ಣ ಹಚ್ಚದೆ ಉಳಿಸಿದ ಕಾಗದ. ಅಂದರೆ ಮೊದಲ ಕುಂಚ ಊರುವ ಮುನ್ನವೇ ಕೊನೆಯ ಮಿನುಗು ಎಲ್ಲಿ ಬರಬೇಕೆಂದು ನಿಶ್ಚಯವಾಗಿರಬೇಕು. ಒಣಗಿದ ಮೇಲೆ ಬ್ಲೇಡಿನ ಮೂಲೆಯಿಂದ ಕೆರೆದು ಬೆಳಕು ತೆಗೆಯುವ ಉಪಾಯವೂ ಇದೆ, ಕಾಗದ ದಪ್ಪಗಿದ್ದರೆ. ಪುಣೆಯ ಕೈಕಾಗದಕ್ಕೆ ಇದನ್ನು ತಡೆಯುವ ಗಟ್ಟಿತನವಿತ್ತು.

ಬೆಂಗಳೂರಿನ ಮಾರ್ಚಿನಲ್ಲಿ ಹಚ್ಚಿದ ವಾಶ್, ಅಂದರೆ ತೆಳು ಬಣ್ಣದ ಲೇಪ, ಕಣ್ಣು ಮಿಟುಕಿಸುವುದರೊಳಗೆ ಒಣಗುತ್ತದೆ, ಅಂಚುಗಳು ಕತ್ತರಿಸಿದಂತೆ ನಿಲ್ಲುತ್ತವೆ. ಅದೇ ಬಣ್ಣ, ಅದೇ ಕುಂಚ, ಅದೇ ಕೈ ಆಷಾಢದಲ್ಲಿ ಊರಿಗೆ ಬಂದರೆ ಬೇರೆಯೇ ಚಿತ್ರ. ಗಾಳಿಯಲ್ಲೇ ಅಷ್ಟು ತೇವ. ಹಚ್ಚಿದ ಬಣ್ಣ ಊಟ ಮುಗಿಸಿ ಬಂದರೂ ಹಸಿ. ಹಸಿಯ ಮೇಲೆ ಹಸಿ ಸೇರಿ, ಆಕಾಶ ಹೊಳೆಗೆ ಇಳಿದು, ಹೊಳೆ ತೆಂಗಿನ ತೋಟಕ್ಕೆ ನುಗ್ಗುತ್ತದೆ. ಸ್ವಲ್ಪ ಹೆಚ್ಚು ನೀರಿನ ಕುಂಚ ತಾಗಿದರೆ ಅರೆ ಒಣಗಿದ ಬಣ್ಣವನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಕಲೆ ನಿಲ್ಲಿಸುತ್ತದೆ. ಕಾಲೇಜಿನಲ್ಲಿ ಆ ಕಲೆಗೆ ಅಂಕ ಕಳೆಯುತ್ತಿದ್ದರು. ನೆರೆ ನೀರು ಗದ್ದೆಗೆ ನುಗ್ಗುವಾಗ ಅಂಚಿನಲ್ಲಿ ಕಸಕಡ್ಡಿ ತಳ್ಳಿ ನಿಲ್ಲಿಸುವ ಗೆರೆಯೂ ಅದೇ ಆಕಾರದ್ದು ಎಂಬುದನ್ನು ನಾನು ಗದ್ದೆಯಲ್ಲಿ ನಿಂತು ನೋಡಿದ್ದೇನೆ. ನಮ್ಮ ನೆರೆ ನೀರು ಮುರಕಲ್ಲಿನ ಮಣ್ಣು ಹೊತ್ತು ಬರುತ್ತದೆ, ಚಹಾದ ಕೆಂಪು. ಬರ್ಂಟ್ ಸಿಯೆನ್ನಾ ಹೆಚ್ಚು, ಅಲ್ಟ್ರಾಮರೀನ್ ಚೂರು. ಆ ಅಲ್ಟ್ರಾಮರೀನಿನ ಕಣಗಳು ಒರಟು ಕಾಗದದ ತಗ್ಗುಗಳಲ್ಲಿ ತಾವಾಗಿ ಕೂತುಕೊಳ್ಳುತ್ತವೆ, ಹೊಳೆಯ ಮೆಕ್ಕಲು ಕೂರುವ ಹಾಗೆಯೇ. ಕಾಗದ ಮಾತ್ರ ಪಾಪ, ಮಳೆಗಾಲ ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹುಣಸೆಹಣ್ಣು, ಒಣಮೆಣಸಿನ ಪಕ್ಕ ನನ್ನ ಕಾಗದದ ಕಟ್ಟಿಗೂ ಅಮ್ಮ ಜಾಗ ಕೊಟ್ಟಿದ್ದಳು.

ಜೋಗದ ಬಗ್ಗೆ ಕೇಳುವವರಿದ್ದಾರೆ. ಬರೆದಿದ್ದೇನೆ, ಇಟ್ಟುಕೊಂಡಿಲ್ಲ. 253 ಮೀಟರಿನಿಂದ ಬೀಳುವ ನೀರು ಚಿತ್ರಕ್ಕೆ ಬರುವ ಮುನ್ನವೇ ಕ್ಯಾಲೆಂಡರಿಗೆ, ಬಿಸ್ಕತ್ತಿನ ಡಬ್ಬಿಗೆ, ಹೋಟೆಲಿನ ಗೋಡೆಗೆ ಹೋಗಿಯಾಗಿದೆ. ಹೊಸದಾಗಿ ನೋಡಲು ನನ್ನ ಕಣ್ಣಿಗೆ ಶಕ್ತಿ ಸಾಲಲಿಲ್ಲ. ಡೇವಿಡ್ ಹಾಕ್ನಿ ಎಂಬ ಇಂಗ್ಲೆಂಡಿನ ಚಿತ್ರಕಾರ 1967ರಲ್ಲಿ ಕ್ಯಾಲಿಫೋರ್ನಿಯಾದ ಈಜುಕೊಳವೊಂದರಲ್ಲಿ ಯಾರೋ ಧುಮುಕಿದ ಮರುಕ್ಷಣ ಚಿಮ್ಮಿದ ನೀರನ್ನು ಬರೆದ. ಎರಡು ಸೆಕೆಂಡಿನ ಆ ಚಿಮ್ಮುವಿಕೆಗೆ ಸಣ್ಣ ಕುಂಚಗಳಲ್ಲಿ ಸುಮಾರು ಎರಡು ವಾರ ತೆಗೆದುಕೊಂಡ. ಧುಮುಕಿದವನು ಚಿತ್ರದಲ್ಲಿ ಇಲ್ಲ. ಬೀಳುವ ನೀರಿಗೆ ಅಂಥ ತುಂಟತನ ಬೇಕು, ನನ್ನಲ್ಲಿಲ್ಲ.

ಜೋಗಕ್ಕೆ ಹೋದ ಪುಣ್ಯಕ್ಕೆ ಅದರ ಮೇಲ್ಭಾಗಕ್ಕೆ ಹೋದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಶರಾವತಿ ಹಿಂದಕ್ಕೆ ಹರಡಿಕೊಂಡ ನೀರು ಅಲ್ಲಿದೆ. ಪೂರ್ಣ ಮಟ್ಟ 1819 ಅಡಿ. ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ದಿನವೂ ಅಚ್ಚು ಹಾಕುವ ಜಲಾಶಯಗಳ ಪಟ್ಟಿಯನ್ನು ಗಮನಿಸಿದ್ದೀರಲ್ಲ? ಕೆಆರ್‌ಎಸ್ 124.80, ಲಿಂಗನಮಕ್ಕಿ 1819, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕನ್ನಡದಲ್ಲಿ ನೀರಿನ ಬಗ್ಗೆ ಅತಿ ಹೆಚ್ಚು ಜನ ಓದುವ ಬರಹ ಅದೇ ಇರಬೇಕು. ಬೇಸಿಗೆಯಲ್ಲಿ ಆ ಪಟ್ಟಿ ನಿಲ್ಲುತ್ತದೆ, ಆಗಲೇ ಆ ನೀರನ್ನು ನೋಡಬೇಕಾದ್ದು. ಮಟ್ಟ ಇಳಿದಂತೆ ನಡುಗಡ್ಡೆಗಳ ಸುತ್ತ ಹುಲ್ಲೂ ಹುಟ್ಟದ ಕೆಂಪು ಪಟ್ಟಿ ಕಾಣುತ್ತದೆ. ಆಮೇಲೆ ಮರದ ಬೊಡ್ಡೆಗಳು ಏಳುತ್ತವೆ, ದಶಕಗಳ ಕಾಲ ಮುಳುಗಿದ್ದೂ ಕೊಳೆಯದವು. ಇನ್ನೂ ಇಳಿದರೆ ಇದಕ್ಕೂ ಮೊದಲು, ನಲವತ್ತರ ದಶಕದಲ್ಲಿ ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ತಲೆ ತೋರಿಸುತ್ತದೆ: ಅಣೆಕಟ್ಟೆಯೊಳಗೆ ಮುಳುಗಿದ ಅಣೆಕಟ್ಟೆ.

ಹೊಳೆಬಾಗಿಲಿನಿಂದ ಲಾಂಚಿನಲ್ಲಿ ಆಚೆ ದಾಟಿ ತುಮರಿ ಬದಿಗೆ ಹೋಗಿದ್ದೆ, ಸ್ನೇಹಿತೆಯ ತವರಿಗೆ. ಈಗಲ್ಲಿ ಸೇತುವೆಯಾಗಿದೆ, 2025ರ ಜುಲೈನಲ್ಲಿ ತೆರೆದರು. ಆಗ ಲಾಂಚೊಂದೇ ದಾರಿ. ಸಂಜೆಯ ಹೊತ್ತು, ಬೊಡ್ಡೆಗಳ ನಡುವೆ ಆಕಾಶವೆಲ್ಲ ನೀರಿಗಿಳಿದಿತ್ತು. ನನ್ನ ಕೈ ಪಳಗಿದ್ದ ಕಾಲ. ಚಿತ್ರ ಸಲೀಸಾಗಿ ಬಂತು. ಸೌದೆಯ ಹೊರೆ ಇಳಿಸಿ ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಮುಗಿಯುವವರೆಗೂ ಸುಮ್ಮನೆ ನೋಡಿದರು. ಆಮೇಲೆ ಕೈ ಚಾಚಿ ಹೇಳಿದರು: “ಅಗೋ, ಜೋಡಿ ಬೊಡ್ಡೆ ಕಾಣ್ತಾವಲ್ಲ, ಅದರ ಬಲಕ್ಕೆ ನಮ್ಮ ಗದ್ದೆ. ಎಡಕ್ಕೆ ಚೌಡಿ ಬನ. ಅದರಾಚೆ ನಮ್ಮ ಭಾವನ ಮನೆ.” ಕೈ ತೋರಿಸಿದ ಕಡೆಯಲ್ಲೆಲ್ಲ ನನಗೆ ಕಂಡದ್ದು ಕಿತ್ತಳೆ ಬಣ್ಣದ ಆಕಾಶ. ಅವರು ನನ್ನ ಕಾಗದವನ್ನು ಇನ್ನೊಮ್ಮೆ ನೋಡಿದರು. “ನೀರು ಚಂದ ಬಂದಿದೆ ತಂಗಿ. ಗದ್ದೆ ಬರ್ಲಿಲ್ಲ.”

ಟೀಕೆಯಲ್ಲ ಅದು, ಬೇಸರವೂ ಇರಲಿಲ್ಲ ಆ ದನಿಯಲ್ಲಿ. ಚಿತ್ರದಲ್ಲಿ ಏನಿದೆ, ಏನಿಲ್ಲ ಎಂದು ಹೇಳಿದರು, ಅಷ್ಟೇ. ಆದರೆ ನಾನು ಆ ರಾತ್ರಿ ಸ್ನೇಹಿತೆಯ ಮನೆಯ ಜಗುಲಿಯಲ್ಲಿ ಮಲಗಿ ಯೋಚಿಸಿದ್ದು ಅದನ್ನೇ. ನಾವಿಬ್ಬರೂ ಒಂದೇ ದಡದಲ್ಲಿ, ಒಂದೇ ಎತ್ತರದಲ್ಲಿ ಕೂತಿದ್ದೆವು. ಬೆಳಕಿನ ನಿಯಮದ ಪ್ರಕಾರ ಅಲ್ಲಿಂದ ಯಾರಿಗೂ ತಳ ಕಾಣುವ ಹಾಗಿಲ್ಲ. ಅವರಿಗೆ ಕಾಣುತ್ತಿತ್ತು.

ಮರುದಿನ ಅವರನ್ನು ಹುಡುಕಿಕೊಂಡು ಹೋಗಿ, ಗದ್ದೆಯನ್ನು ಬಾಯಲ್ಲಿ ಹೇಳಿಸಿದೆ. ಯಾವ ಬದು ಎಲ್ಲಿ ಬಾಗುತ್ತಿತ್ತು, ತೋಡು ಯಾವ ಕಡೆಯಿಂದ ಬರುತ್ತಿತ್ತು, ಕಣ ಎಲ್ಲಿ, ಹಲಸಿನ ಮರ ಎಲ್ಲಿ, ದನ ನುಗ್ಗುತ್ತಿದ್ದ ತಡಮೆ ಎಲ್ಲಿ. ಕಪ್ಪು ಇಂಡಿಯನ್ ಇಂಕಿನಲ್ಲಿ ಬರೆಯುತ್ತ ಹೋದೆ; ಒಣಗಿದ ಮೇಲೆ ಆ ಮಸಿ ನೀರಿಗೆ ಕರಗುವುದಿಲ್ಲ. “ಅದಲ್ಲ, ಇನ್ನೂ ಈಚೆ” ಎಂದು ತಿದ್ದಿದರು. ಮುಳುಗಡೆಯಾದಾಗ ಅವರು ಹರೆಯದವರು, ಆದರೂ ಒಂದು ಗೇಣು ಆಚೀಚೆಯಾಗಲು ಬಿಡಲಿಲ್ಲ. ಇಡೀ ಊರು ಕಾಗದದ ಮೇಲೆ ಬಂದ ನಂತರ ಅದರ ಮೇಲೆ ನೀರು ಬಿಟ್ಟೆ. ತೆಳುವಾದ ಒಂದು ವಾಶ್, ಒಣಗಿಸಿ ಇನ್ನೊಂದು, ಮತ್ತೊಂದು. ಜಲವರ್ಣ ಪಾರದರ್ಶಕ, ಕೆಳಗಿನದನ್ನು ಮುಚ್ಚುವುದಿಲ್ಲ, ತಣ್ಣಗೆ ಮಾಡುತ್ತದೆ. ಬದುಗಳೆಲ್ಲ ನೀರಿನಡಿ ಉಳಿದವು. ಯಾವ ದೂರಕ್ಕೆ ಎಷ್ಟು ತಳ ಕಾಣಬೇಕು ಎಂಬ ನನ್ನ ಲೆಕ್ಕವನ್ನೆಲ್ಲ ಆ ಚಿತ್ರ ಗಾಳಿಗೆ ತೂರಿತ್ತು. ಅವರು ಅದನ್ನು ಇಸಿದುಕೊಂಡು ಮಡಚದೆ, ಸುರುಳಿ ಸುತ್ತಿ, ಪಂಚೆಯ ತುಂಡಿನಲ್ಲಿ ಕಟ್ಟಿಕೊಂಡು ಹೋದರು. ನನ್ನಲ್ಲಿ ಪ್ರತಿಯಿಲ್ಲ. ಜನರಿಲ್ಲದ ನನ್ನ ಚಿತ್ರಗಳಲ್ಲಿ ಜನ ಅತ್ಯಂತ ಹೆಚ್ಚಿದ್ದದ್ದು ಅದೇ. ಆಮೇಲೆ ಈ ರೀತಿಯಲ್ಲಿ ಹಲವು ಕೆರೆಗಳನ್ನು ಬರೆದೆ: ಮೊದಲು ತಳ, ಆಮೇಲೆ ನೀರು. ಕೆಲವನ್ನು ಕೊಂಡವರಿಗೆ ತಳದಲ್ಲಿರುವುದೇನೆಂದು ಗೊತ್ತಾಗಿಲ್ಲ, ನಾನೂ ಹೇಳಿಲ್ಲ.

ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಿರುಚಿತ್ರಗಳ ಮುಂದೆ ನಿಂತಾಗ ಇದೇ ವಿಷಯ ಬೇರೆ ದಾರಿಯಿಂದ ಎದುರಾಯಿತು. ನಮ್ಮ ಹಿಂದಿನ ಚಿತ್ರಕಾರರು ಹೊಳೆ, ಕೊಳಗಳಿಗೆ ಬೆಳ್ಳಿಯ ಬಣ್ಣ ಹಚ್ಚುತ್ತಿದ್ದರು. ಹಚ್ಚಿದ ದಿನ ಅದು ಹೇಗೆ ಮಿನುಗಿದ್ದಿರಬೇಕು! ಆದರೆ ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ, ತೊಳೆಯದೆ ಇಟ್ಟ ಬೆಳ್ಳಿ ದೀಪ ಕಪ್ಪಾದಂತೆ. ಇನ್ನೂರು ಮುನ್ನೂರು ವರ್ಷಗಳಲ್ಲಿ ಆ ಯಮುನೆಗಳೂ ಕೊಳಗಳೂ ಬೂದಿಯಾಗಿ, ಕೆಲವು ಮಸಿಯಾಗಿ ನಿಂತಿವೆ. ಸುತ್ತ ಗೋಪಿಯರ ಕೆಂಪು, ಹಳದಿ ಮೊನ್ನೆ ಹಚ್ಚಿದ ಹಾಗಿದೆ. ನೀರು ಮಾತ್ರ ಮುಪ್ಪಾಗಿದೆ.

ಬೆಂಗಳೂರಿನಲ್ಲಿ ಬೆಳ್ಳಿಗೆ ಅಷ್ಟು ಕಾಲ ಬೇಕಾಗಲಿಲ್ಲ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದ ದಿನಗಳಲ್ಲಿ, ಆ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದನ್ನು ಪತ್ರಿಕೆಯಲ್ಲಿ ಓದಿದ ಮೇಲೆ, ಬೋರ್ಡು ಹಿಡಿದು ಹೋದೆ. ಸಾಬೂನು ಪುಡಿಗಳ ರಸಾಯನ ಕೊಳಚೆಯ ಜೊತೆ ಬಂದು ಕೋಡಿಯಲ್ಲಿ ಕಡೆದು ಆಗುವ ನೊರೆ. ಅಲ್ಲಿ ನನ್ನ ವಿದ್ಯೆ ಯಾವುದೂ ನಡೆಯಲಿಲ್ಲ. ಬಗ್ಗಿದರೂ ತಳವಿಲ್ಲ, ದೂರ ನಿಂತರೂ ಆಕಾಶವಿಲ್ಲ. ಕಾಗದವನ್ನು ಹೆಚ್ಚುಕಡಿಮೆ ಖಾಲಿ ಬಿಟ್ಟರೆ ಚಿತ್ರ ಮುಗಿಯಿತು. ಅದೊಂದೇ ಸಲ ಕಾಗದದ ಬಿಳಿ ಬೆಳಕಾಗದೆ ಉಳಿದದ್ದು. ವಾಸನೆಗೆ ತಲೆ ತಿರುಗಿ ಆಟೋ ಹಿಡಿದು ಮನೆಗೆ ಬಂದೆ.

ಕಳೆದ ವರ್ಷ ಬಲಗಣ್ಣಿನ ಪೊರೆ ತೆಗೆಸಿದೆ. ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಬಚ್ಚಲಿನ ಬಕೀಟಿನ ನೀಲಿ. ಅಂಥ ನೀಲಿ ನಮ್ಮ ಮನೆಯಲ್ಲಿದೆಯೆಂದೇ ಗೊತ್ತಿರಲಿಲ್ಲ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ಅದೇ ಬಕೀಟು ಗಂಜಿಯ ತಿಳಿ ಬೆರೆಸಿದಂತೆ ಮಾಸಲು. ಪೊರೆ ಬಂದ ಮಸೂರ ಹಳದಿಯಾಗುತ್ತ ಹೋಗಿ ನೀಲಿಯನ್ನು ಒಳಗೆ ಬಿಡುವುದಿಲ್ಲವಂತೆ. ನಿಧಾನಕ್ಕೆ ಆಗುವುದರಿಂದ ನಮಗೆ ತಿಳಿಯುವುದಿಲ್ಲ. ಮೊನೆಗೂ ಹೀಗೇ ಆಗಿತ್ತು. 1912ರಲ್ಲೇ ಪೊರೆ ಎಂದು ವೈದ್ಯರು ಹೇಳಿದ್ದರು. ಹೆದರಿ ಮುಂದೂಡುತ್ತ ಬಂದ. ಹಿಂದೆ ಫ್ರಾನ್ಸಿನ ಪ್ರಧಾನಿಯಾಗಿದ್ದ, ಸ್ವತಃ ವೈದ್ಯಕೀಯ ಓದಿದ್ದ ಗೆಳೆಯ ಕ್ಲೆಮಾನ್ಸೊ ಒತ್ತಾಯಿಸಿದ ಮೇಲೆ 1923ರಲ್ಲಿ, ಎಂಬತ್ತೆರಡನೆಯ ವಯಸ್ಸಿಗೆ, ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಎಡಗಣ್ಣನ್ನು ಮುಟ್ಟಲು ಕೊನೆಯವರೆಗೂ ಬಿಡಲಿಲ್ಲ. ಓದಿದಾಗ ಮುದುಕನ ಹಟಮಾರಿತನ ಎನ್ನಿಸಿತ್ತು. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಊರಿಗೆ ಹೋದಾಗ ಒಂದೇ ಹೊಳೆಯನ್ನು ಒಂದೇ ಜಾಗದಲ್ಲಿ ಕೂತು ಮೊದಲು ಬಲಗಣ್ಣಲ್ಲಿ, ಆಮೇಲೆ ಎಡಗಣ್ಣಲ್ಲಿ ಬರೆದೆ. ಒಂದು ಕಣ್ಣಿಗೆ ಕೈವಸ್ತ್ರ ಕಟ್ಟಿಕೊಂಡು ದಡದಲ್ಲಿ ಕೂತವಳನ್ನು ನೋಡಿ ದೋಣಿಯಲ್ಲಿ ಹೋಗುತ್ತಿದ್ದ ಹುಡುಗರು ಕೈಬೀಸಿದರು. ನಿಂತ ಜಾಗ ಬದಲಾದರೆ ನೀರು ಬದಲಾಗುತ್ತದೆ ಎಂದುಕೊಂಡು ಇಷ್ಟು ವರ್ಷ ಕಳೆದವಳಿಗೆ, ಜಾಗ ಬಿಟ್ಟು ಕದಲದೆಯೂ ಎರಡು ಹೊಳೆ ಸಿಕ್ಕಿತ್ತು. ಇಂಥ ಲಾಭವನ್ನು ಸುಮ್ಮನೆ ಬಿಟ್ಟುಕೊಡಲು ಮನಸ್ಸು ಬರುವುದು ಹೇಗೆ?

ಮೇ ತಿಂಗಳಲ್ಲಿ ಎಡಗಣ್ಣಿಗೆ ದಿನ ಗೊತ್ತುಮಾಡಲು ಹೋದಾಗ ಮಳೆಗಾಲ ಕಳೆದು ಬರುತ್ತೇನೆ ಎಂದೆ.

“ಸೋಂಕಿನ ಭಯವಾ? ಈಗ ಹಾಗೇನಿಲ್ಲಮ್ಮ, ಯಾವ ಕಾಲದಲ್ಲಾದ್ರೂ ಮಾಡ್ತೀವಿ” ಎಂದರು ಡಾಕ್ಟರು.

“ಭಯ ಅಲ್ಲ ಡಾಕ್ಟ್ರೇ. ನೆರೆ ನೀರಿನ ಕೆಂಪು ಎರಡು ಕಣ್ಣಿಗೂ ಬೇರೆ ಬೇರೆ ಹೇಗೆ ಕಾಣುತ್ತೆ ಅಂತ ಬರೆದಿಟ್ಟುಕೊಳ್ಳಬೇಕು.”

ಅವರು ನನ್ನ ಮಗಳ ಮುಖ ನೋಡಿದರು. ಅವಳು ಫೈಲು ಚೀಲಕ್ಕೆ ಹಾಕುತ್ತ, “ಸೆಪ್ಟೆಂಬರ್ ಕೊನೆಗೆ ಬರ್ಕೊಳ್ಳಿ ಡಾಕ್ಟ್ರೇ, ಪೆನ್ಸಿಲಲ್ಲಿ. ಹಿಂಗಾರು ಜೋರಾದ್ರೆ ಅದೂ ಮುಂದಕ್ಕೆ ಹೋಗುತ್ತೆ” ಎಂದಳು.